ಆಟೋಕ್ರಾಸ್ ಕಾರಿಗೆ ಗಾಳಿಯ ದಾರಿ: ಫಿಲ್ಟರ್ ಆರಿಸುವುದು ಹೇಗೆ?

ಗುರುತು ಹಾಕಿದ ಕಿರುದಾರಿಯಲ್ಲಿ ಒಂದೊಂದೇ ಕಾರು ಸಮಯದೊಂದಿಗೆ ಸೆಣಸುವ ಆಟೋಕ್ರಾಸ್‌ನ ಹವ್ಯಾಸಿ ಸ್ಪರ್ಧಿಗಳು ತಮ್ಮ ಕಾರಿನಲ್ಲಿ ಮೊದಮೊದಲು ಕೈಹಾಕುವ ಭಾಗಗಳಲ್ಲಿ ಏರ್ ಫಿಲ್ಟರ್ ಒಂದು. ಹೊಸ ಫಿಲ್ಟರ್ ಹಾಕಿದೊಡನೆ ಎಂಜಿನ್ನಿನ ಸದ್ದು ಗಡುಸಾಗುತ್ತದೆ, ನಿಜ. ಸದ್ದು ಹೆಚ್ಚಿದ ಮಾತ್ರಕ್ಕೆ ಶಕ್ತಿಯೂ ಹೆಚ್ಚಿತೆಂದು ನಂಬಬೇಕಾಗಿಲ್ಲ. ಒಂದು ನಿಮಿಷದ ಆಸುಪಾಸಿನಲ್ಲಿ ಓಟ ಮುಗಿಸಿ, ಮುಂದಿನ ಸರದಿಗಾಗಿ ಸಾಲಿನಲ್ಲಿ ಬಿಸಿಯೇರುತ್ತ ನಿಲ್ಲುವ ಕಾರಿಗೆ ಗಾಳಿ ಎಷ್ಟು ಸಲೀಸಾಗಿ ಬರುತ್ತದೆ ಎನ್ನುವುದಕ್ಕಿಂತ ಎಷ್ಟು ತಂಪಾಗಿ ಬರುತ್ತದೆ ಎನ್ನುವುದೇ ಮುಖ್ಯ.

ಮೊದಲು ನಿಯಮಾವಳಿಯನ್ನು ಓದಿಕೊಳ್ಳಬೇಕು. ಅಮೆರಿಕದ ಎಸ್‌ಸಿಸಿಎ (ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ) ನಡೆಸುವ ‘ಸೋಲೋ’ ಎಂಬ ಆಟೋಕ್ರಾಸ್ ಸ್ಪರ್ಧೆಗಳ ಸ್ಟ್ರೀಟ್ ವಿಭಾಗದಲ್ಲಿ ಗಾಳಿಯ ಮೂಲ ದಾರಿಯನ್ನು ಹಾಗೆಯೇ ಉಳಿಸಿ ಫಿಲ್ಟರನ್ನಷ್ಟೇ ಬದಲಿಸಬಹುದು. ಸ್ಟ್ರೀಟ್ ಟೂರಿಂಗ್ ವಿಭಾಗದಲ್ಲಿ ಪೈಪನ್ನೂ ಫಿಲ್ಟರ್ ಕೂರುವ ಪೆಟ್ಟಿಗೆಯಾದ ಏರ್ ಬಾಕ್ಸನ್ನೂ ಬದಲಿಸಲು ಅವಕಾಶವಿದೆ.

ಮುಂದಿನ ಕೆಲಸ ತಾಪಮಾನ ನೋಡುವುದು. ಕಾರಿನ ಓಬಿಡಿ ಪೋರ್ಟಿಗೆ (ಎಂಜಿನ್ನಿನ ಮಾಹಿತಿ ಓದಲು ಇರುವ ಕಿಂಡಿ) ಸಣ್ಣ ರೀಡರ್ ಜೋಡಿಸಿದರೆ ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಯ ತಾಪಮಾನ ಮೊಬೈಲಿನಲ್ಲೇ ಕಾಣುತ್ತದೆ. ಸಾಲಿನಲ್ಲಿ ನಿಂತಾಗ, ಓಟದ ಆರಂಭದಲ್ಲಿ ಮತ್ತು ಕೊನೆಯಲ್ಲಿ ಅದನ್ನು ಬರೆದಿಟ್ಟುಕೊಂಡು ಹೊರಗಿನ ತಾಪಮಾನದೊಂದಿಗೆ ಹೋಲಿಸಬೇಕು. ಗಾಳಿ 3 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದರ ಸಾಂದ್ರತೆ ಸುಮಾರು ಶೇ 1ರಷ್ಟು ತಗ್ಗುತ್ತದೆ. ಹೊರಗಿಗಿಂತ 30 ಡಿಗ್ರಿ ಹೆಚ್ಚು ಬಿಸಿಯಾದ ಗಾಳಿಯನ್ನು ಸೇದುವ ಎಂಜಿನ್ ಶೇ 9ರಷ್ಟು ಗಾಳಿಯನ್ನು ಕಳೆದುಕೊಂಡಂತೆಯೇ. ಬಾನೆಟ್ಟಿನ ಕೆಳಗೆ ಬರಿದಾಗಿ ಕೂರಿಸಿದ ಶಂಕುವಿನಾಕಾರದ ಫಿಲ್ಟರ್ ಸೋಲುವುದು ಇಲ್ಲಿಯೇ. ಅನೇಕ ಕಾರುಗಳಲ್ಲಿ ತಯಾರಕರು ಕೊಟ್ಟ ಏರ್ ಬಾಕ್ಸ್ ಗ್ರಿಲ್ ಅಥವಾ ಫೆಂಡರ್ ಬಳಿಯಿಂದ ಹೊರಗಿನ ಗಾಳಿಯನ್ನೇ ತರುವುದರಿಂದ ಅದನ್ನು ಕಿತ್ತೆಸೆಯಲು ಅವಸರಪಡಬಾರದು.

ಇನ್ನು ಫಿಲ್ಟರ್ ನಿಜಕ್ಕೂ ಅಡ್ಡಿಯೇ ಎಂಬ ಪ್ರಶ್ನೆ. ಪಾರದರ್ಶಕ ಕೊಳವೆಯನ್ನು ‘ಯು’ ಆಕಾರದಲ್ಲಿ ಬಗ್ಗಿಸಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಫಿಲ್ಟರ್ ಮತ್ತು ಥ್ರಾಟಲ್ (ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಕವಾಟ) ನಡುವಿನ ಪೈಪಿಗೆ ಜೋಡಿಸಿ, ಇನ್ನೊಂದನ್ನು ತೆರೆದು ಬಿಡಬೇಕು. ನೀರು ಎಂಜಿನ್ನಿಗೆ ಸೇರದಷ್ಟು ಎತ್ತರ ಕೊಳವೆಗೆ ಇರಲಿ. ವಾಹನ ಸಂಚಾರವಿಲ್ಲದ ಮುಚ್ಚಿದ ಟ್ರ್ಯಾಕಿನಲ್ಲಿ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಎರಡು ಮಟ್ಟಗಳ ಅಂತರವನ್ನು ಪಕ್ಕದಲ್ಲಿ ಕುಳಿತವರು ಗುರುತಿಸಿಕೊಳ್ಳಲಿ. 10 ಸೆಂಟಿಮೀಟರ್ ಅಂತರವೆಂದರೆ ವಾತಾವರಣದ ಒತ್ತಡದ ಶೇ 1ರಷ್ಟು ಮಾತ್ರ. ಇದೇ ಅಳತೆಯನ್ನು ಫಿಲ್ಟರಿನ ಹಿಂದೆ ಮುಂದೆ ಬೇರೆಬೇರೆಯಾಗಿ ತೆಗೆದರೆ ತಪ್ಪು ಫಿಲ್ಟರಿನದೋ ಪೈಪಿನದೋ ತಿಳಿಯುತ್ತದೆ. ದುಬಾರಿ ಫಿಲ್ಟರಿನ ಆಸೆ ಬಹಳಷ್ಟು ಸಲ ಈ ಹಂತದಲ್ಲೇ ಇಳಿಯುತ್ತದೆ.

ಮುಂಭಾಗದಲ್ಲಿ ಸ್ಕೂಪ್ ಇಟ್ಟು ಗಾಳಿಯನ್ನು ನುಗ್ಗಿಸುವ ಯೋಚನೆಯನ್ನು ಬಿಡುವುದೇ ಒಳ್ಳೆಯದು: ಗಂಟೆಗೆ 60 ಕಿ.ಮೀ. ವೇಗದಲ್ಲಿ ಅದರಿಂದ ಸಿಗುವ ಹೆಚ್ಚುವರಿ ಒತ್ತಡ ಶೇ 0.2ನ್ನೂ ಮುಟ್ಟುವುದಿಲ್ಲ.

ಫಿಲ್ಟರ್ ಬಗೆಯನ್ನು ನೆಲ ನೋಡಿ ತೀರ್ಮಾನಿಸಬೇಕು. ಡಾಂಬರು ಅಥವಾ ಕಾಂಕ್ರೀಟಿನ ಮೇಲೆ ಓಡುವ ಕಾರಿಗೆ ಹೊಸ ಕಾಗದದ ಫಿಲ್ಟರ್ ಸಾಕು. ಮಣ್ಣಿನ ಟ್ರ್ಯಾಕಿನಲ್ಲಾದರೆ ಎಣ್ಣೆ ಸವರಿದ ಫೋಮ್ ಫಿಲ್ಟರ್ ಹೆಚ್ಚು ಧೂಳು ಹಿಡಿಯುತ್ತದೆ, ತೊಳೆದು ಮತ್ತೆ ಬಳಸಲೂ ಬರುತ್ತದೆ. ಹತ್ತಿಯ ಫಿಲ್ಟರಿಗೆ ಎಣ್ಣೆ ಅತಿಯಾದರೆ ಅದು ಒಳಬರುವ ಗಾಳಿಯನ್ನು ಅಳೆಯುವ ಏರ್‌ಫ್ಲೋ ಸೆನ್ಸರಿನ ತಂತಿಗೆ ಅಂಟಿ ಲೆಕ್ಕ ತಪ್ಪಿಸುತ್ತದೆ. ಸೆನ್ಸರ್ ಕೂರುವ ಪೈಪಿನ ಅಳತೆ ಬದಲಾದರೂ ಅದೇ ಗತಿ: ಒಳವ್ಯಾಸ 70ರಿಂದ 76 ಮಿ.ಮೀ.ಗೆ ಏರಿದರೆ ಗಾಳಿ ಹಾಯುವ ಜಾಗ ಶೇ 18ರಷ್ಟು ಹಿಗ್ಗಿ, ಸೆನ್ಸರ್ ಇರುವುದಕ್ಕಿಂತ ಕಡಿಮೆ ಗಾಳಿಯನ್ನು ತೋರಿಸುತ್ತದೆ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಇಂಧನವನ್ನು ಕಡಿಮೆ ಮಾಡುತ್ತದೆ. ಟ್ಯೂನಿಂಗ್ ಮಾಡಿಸುವ ಉದ್ದೇಶವಿಲ್ಲದಿದ್ದರೆ ಆ ತುಂಡನ್ನು ಮುಟ್ಟಬಾರದು.

ಜೋಡಣೆ ಮುಗಿಸಿ ಕೆಲವು ಓಟಗಳಾದ ಮೇಲೆ ಎಂಜಿನ್ ಆರಿಸಿ ತಣಿಯಲು ಬಿಟ್ಟು, ಫಿಲ್ಟರಿನಾಚೆಗಿನ ಪೈಪಿನ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಬೇಕು. ಬಟ್ಟೆಗೆ ಧೂಳು ಹತ್ತಿದರೆ ಕ್ಲಾಂಪ್ ಸಡಿಲವಾಗಿದೆಯೇ, ಫಿಲ್ಟರಿನ ರಬ್ಬರ್ ಅಂಚು ಸರಿಯಾಗಿ ಕೂತಿದೆಯೇ ಎಂದು ಪರೀಕ್ಷಿಸಿ, ಸರಿಪಡಿಸುವವರೆಗೆ ಕಾರನ್ನು ಓಡಿಸಬಾರದು.