ನಾಝಲ್ ಬಿಟ್ಟು ಶಿಮ್ ಹಿಡಿದೆ: ನಾಲ್ಕನೇ ಯೂನಿಟ್ ದಾರಿಗೆ ಬಂದದ್ದು ಹೀಗೆ

ಹಡಗಿನ ಆರು ಸಿಲಿಂಡರಿನ, 900 ಆರ್‌ಪಿಎಂ ಫೋರ್ ಸ್ಟ್ರೋಕ್ ಜನರೇಟರ್ ಎಂಜಿನ್. ಯೂನಿಟ್‌ಗೊಂದು (ಅಂದರೆ ಸಿಲಿಂಡರಿಗೊಂದು) ಜರ್ಕ್ ಪಂಪ್, ಫ್ಯೂಯಲನ್ನು ಭಾರಿ ಒತ್ತಡದಲ್ಲಿ ಇಂಜೆಕ್ಟರಿಗೆ ತಳ್ಳುವಂಥದ್ದು. ಶೇ 60ರ ಲೋಡಿನಲ್ಲಿ ಐದು ಯೂನಿಟ್‌ಗಳ ಎಕ್ಸಾಸ್ಟ್ ಹೊಗೆಯ ಬಿಸಿ 360 ಡಿಗ್ರಿ ಆಸುಪಾಸು, ನಾಲ್ಕನೆಯದು ಮಾತ್ರ 420. ಪೀಕ್ ಪ್ರೆಶರ್ (ಸಿಲಿಂಡರಿನೊಳಗಿನ ಗರಿಷ್ಠ ಒತ್ತಡ) ಉಳಿದವಕ್ಕೆ 125 ಬಾರ್ ಇದ್ದರೆ ಇದಕ್ಕೆ ಸುಮಾರು 110. ಲೋಡ್ ಏರಿಸಿದರೆ ಕಪ್ಪು ಹೊಗೆ. ನಾಝಲ್ (ಫ್ಯೂಯಲ್ ಸಿಂಪಡಿಸುವ ಇಂಜೆಕ್ಟರಿನ ತುದಿ) ಬದಲಿಸಿ, ಮತ್ತೆ ಬದಲಿಸಿ ಆಗಿತ್ತು. ಪಂಪ್ ಕೂಡ ಓವರ್‌ಹಾಲ್ ಆಗಿ ಬಂದ ಸ್ಪೇರ್. ಹಾಗಾಗಿ "ಪಂಪ್ ಹೊಸದು, ಅಲ್ಲೇನೂ ಇಲ್ಲ, ಇನ್ನೊಂದು ಸೆಟ್ ನಾಝಲ್ ತರಿಸಿ" ಎಂಬುದೇ ಎಲ್ಲರ ಮಾತು. ಟೈಮಿಂಗ್, ಅಂದರೆ ಫ್ಯೂಯಲ್ ಸಿಂಪಡಿಸುವ ಕ್ಷಣ, ನೋಡೋಣ ಎಂದರೆ ನಗು. ಎಲ್ಲ ಪಂಪ್‌ಗಳನ್ನೂ ಓಡಿಸುವ ಕ್ಯಾಮ್‌ಶಾಫ್ಟ್ ಒಂದೇ ಇರುವಾಗ ಒಂದು ಯೂನಿಟ್ ಮಾತ್ರ ಹೇಗೆ ಹಿಂದೆ ಬೀಳುತ್ತದೆ ಎಂಬ ವಾದ.

ಬೀಳುತ್ತದೆ. ಅದನ್ನು ತೋರಿಸಲು ಒಂದೊಂದನ್ನೇ ಕೈಬಿಡುತ್ತಾ ಬರಬೇಕಾಯಿತು.

ಮೊದಲು ಬಿಸಿ ಅಳೆಯುವ ಥರ್ಮೋಕಪಲ್. ಮೂರು ಮತ್ತು ನಾಲ್ಕರದ್ದನ್ನು ಅದಲುಬದಲು ಮಾಡಿದೆ. ಬಿಸಿ ನಾಲ್ಕರಲ್ಲೇ ಉಳಿಯಿತು. ಐದು ನಿಮಿಷದ ಕೆಲಸ, ಆದರೂ ಇದನ್ನು ಬಿಟ್ಟು ಸಿಲಿಂಡರ್ ಹೆಡ್ಡಿಗೇ ಕೈ ಹಾಕುವವರಿದ್ದಾರೆ. ಆಮೇಲೆ ಕಂಪ್ರೆಷನ್. ಇನ್ನೊಂದು ಜನರೇಟರನ್ನು ಪ್ಯಾರಲಲ್‌ನಲ್ಲಿಟ್ಟು, ಈ ಎಂಜಿನ್ನಿನ ಲೋಡ್ ಇಳಿಸಿ ಸ್ಥಿರಗೊಳಿಸಿ, ನಾಲ್ಕರ ಪಂಪಿನ ಫ್ಯೂಯಲ್ ಪ್ರಮಾಣ ಹೆಚ್ಚುಕಡಿಮೆ ಮಾಡುವ ರ‍್ಯಾಕನ್ನು ಶೂನ್ಯಕ್ಕೆ ಎಳೆದು ಒತ್ತಡ ಓದಿದರೆ ಉಳಿದ ಯೂನಿಟ್‌ಗಳಷ್ಟೇ ಬಂತು. ರಿಂಗ್, ವಾಲ್ವ್ ಎರಡೂ ಅಲ್ಲಿಗೆ ಪಟ್ಟಿಯಿಂದ ಹೊರಗೆ. ಇಂಡಿಕೇಟರ್ ಕಾಕನ್ನು (ಸಿಲಿಂಡರಿನ ಒತ್ತಡ ಅಳೆಯಲು ತೆರೆಯುವ ಸಣ್ಣ ವಾಲ್ವ್) ಪ್ರತಿ ಸಲ ಊದಿಸಿಯೇ ಗೇಜ್ ಕಟ್ಟಬೇಕು. ದಾರಿಯಲ್ಲಿ ಕಾರ್ಬನ್ ಕೂತಿದ್ದರೆ ಪೀಕ್ ಪ್ರೆಶರ್ ಕಡಿಮೆ ತೋರಿಸಿ ಇಲ್ಲದ ರೋಗ ಹುಟ್ಟಿಸುತ್ತದೆ. ಓದುವ ಹೊತ್ತಿಗೆ ದೊಡ್ಡ ಕಂಪ್ರೆಸರೋ ಕ್ರೇನೋ ಸ್ಟಾರ್ಟ್ ಆದರೆ ಆ ಅಂಕಿಗಳನ್ನೆಲ್ಲ ಹರಿದು ಹಾಕಿ.

ಇಂಜೆಕ್ಟರನ್ನು ಟೆಸ್ಟ್ ಪಂಪಿನ ಮೇಲೆ ನಂಬುವುದು ಅರ್ಧ ಮಾತ್ರ. 320 ಬಾರ್‌ಗೆ ಸಿಡಿಯಿತು, ಹನಿಯಲಿಲ್ಲ, ಮಂಜು ಚೆನ್ನಾಗಿದೆ, ಸರಿ. ಆದರೆ ಅದು ತಣ್ಣನೆಯ ತೆಳು ಎಣ್ಣೆ, ಕೈ ಲಿವರಿನ ವೇಗ. ಬಿಸಿ ಹೆಡ್ಡಿನಲ್ಲಿ, ಹೋಲ್ಡರ್ ನಟ್ ಒಂದು ಕಡೆಗೆ ಹೆಚ್ಚು ಬಿಗಿದಿದ್ದರೆ, ನಾಝಲ್ಲಿನೊಳಗಿನ ಅದೇ ನೀಡಲ್ ಅಂಟಿಕೊಳ್ಳಬಹುದು. ಹಾಗಾಗಿ ಎರಡು ಮತ್ತು ನಾಲ್ಕರ ಇಂಜೆಕ್ಟರ್ ಅದಲುಬದಲು. ಇಂಜೆಕ್ಟರ್ ಕೂರುವ ಪಾಕೆಟ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿ: ಹಳೆಯ ತಾಮ್ರದ ವಾಷರ್ ಅಲ್ಲೇ ಕಚ್ಚಿಕೊಂಡಿದ್ದು ಮೇಲೊಂದು ಹೊಸದು ಕೂತರೆ ನಾಝಲ್ ತುದಿ ಮೇಲಕ್ಕೆ ಸರಿದು, ಫ್ಯೂಯಲ್ ಹೆಡ್ಡಿಗೇ ಬಡಿಯುತ್ತದೆ. ಇಲ್ಲಿ ಅದೂ ಇರಲಿಲ್ಲ. ಇಂಜೆಕ್ಟರ್ ಎರಡಕ್ಕೆ ಹೋಯಿತು, ರೋಗ ನಾಲ್ಕರಲ್ಲೇ ಕೂತಿತು. ನಾಝಲ್ ಆರ್ಡರ್ ಅಲ್ಲಿಗೆ ನಿಂತಿತು.

ಉಳಿದದ್ದು ಎರಡು ಅನುಮಾನ: ಪಂಪಿನ ಪ್ಲಂಜರ್ (ಬ್ಯಾರೆಲ್ ಎಂಬ ಕೊಳವೆಯೊಳಗೆ ಏರಿಳಿಯುವ ದಂಡ) ಸವೆದು ಸೋರುತ್ತಿದೆ, ಇಲ್ಲವೇ ಇಂಜೆಕ್ಷನ್ ತಡವಾಗಿದೆ. ಎರಡರಲ್ಲೂ ಪೀಕ್ ಪ್ರೆಶರ್ ಬೀಳುತ್ತದೆ. ಆದರೆ ಸೋರಿದರೆ ಸಿಲಿಂಡರಿಗೆ ಹೋಗುವ ಫ್ಯೂಯಲ್ಲೂ ಕಡಿಮೆಯಾಗಿ ಎಕ್ಸಾಸ್ಟ್ ಅಷ್ಟು ಏರಬಾರದು. ಅನುಮಾನಕ್ಕೆ ಜಾಗವಿರಬಾರದೆಂದು ತೆಳು ಫ್ಯೂಯಲ್ ಪರೀಕ್ಷೆ ಮಾಡಿದೆ, ಇದಕ್ಕೇ ಹೆಚ್ಚು ವಿರೋಧ ಬಂದದ್ದು. ಹೆವಿ ಫ್ಯೂಯಲ್ 12–15 ಸೆಂಟಿಸ್ಟೋಕ್ಸ್‌ನಲ್ಲಿ (ಎಣ್ಣೆ ಎಷ್ಟು ಮಂದ ಎಂಬುದರ ಅಳತೆ) ಸವೆತವನ್ನು ಮುಚ್ಚಿಡುತ್ತದೆ. ಗ್ಯಾಸ್ ಆಯಿಲ್ (ತೆಳು ಡೀಸೆಲ್) 2–3 ಸೆಂಟಿಸ್ಟೋಕ್ಸ್‌ಗೆ ಇಳಿದಾಗ ಸವೆದ ಪ್ಲಂಜರ್ ಗುಟ್ಟು ಬಿಟ್ಟುಕೊಡುತ್ತದೆ. ಬದಲಿಸುವಾಗ ನಿಮಿಷಕ್ಕೆ 2 ಡಿಗ್ರಿಗಿಂತ ಬೇಗ ತಣಿಸಬೇಡಿ. 135ರಿಂದ 40ಕ್ಕೆ ಇಳಿಯಲು ಮುಕ್ಕಾಲು ಗಂಟೆಗಿಂತ ತುಸು ಹೆಚ್ಚೇ ಬೇಕು. ಅವಸರ ಮಾಡಿದರೆ ಪ್ಲಂಜರ್ ಬ್ಯಾರೆಲ್ಲಿನಲ್ಲೇ ಕಚ್ಚಿಕೊಳ್ಳುತ್ತದೆ. ಗ್ಯಾಸ್ ಆಯಿಲ್ ಮೇಲೆ ಆರೂ ಯೂನಿಟ್‌ಗಳ ರ‍್ಯಾಕ್ ಒಂದೆರಡು ಮಿಲಿಮೀಟರ್ ಏರಿತು. ಎಕ್ಸಾಸ್ಟ್, ಪೀಕ್ ಪ್ರೆಶರ್‌ಗಳಲ್ಲಿ ನಾಲ್ಕರ ಅಂತರ ಮಾತ್ರ ಇದ್ದ ಹಾಗೇ ಇತ್ತು. ಅಂದರೆ ಸೋರಿಕೆಯಲ್ಲ, ಟೈಮಿಂಗ್.

ಇದರ ಜೊತೆಗೇ ಪ್ರತಿ ಪಂಪಿನ ಲೀಕ್ ಡ್ರೈನಿಗೆ ಬಾಟಲಿ ಹಿಡಿದು ಹತ್ತು ನಿಮಿಷ ಅಳೆದೆ. ನಾಲ್ಕರದ್ದು ಎಲ್ಲರಂತೆ, ಆರನೆಯದು ಹೆಚ್ಚುಕಡಿಮೆ ಎರಡರಷ್ಟು! ಅದರ ಪ್ಲಂಜರ್ ಮೇಲೆ ಉದ್ದುದ್ದ ಸಣ್ಣ ಗೀರುಗಳಿದ್ದವು, ರಿಫೈನರಿಯಿಂದ ಹೆವಿ ಫ್ಯೂಯಲ್ ಜೊತೆ ಬರುವ ಗಟ್ಟಿ ಕಣಗಳಾದ ಕ್ಯಾಟ್ ಫೈನ್ಸ್‌ನ ಕೆಲಸ. ಬಂಕರಿನಲ್ಲಿ, ಅಂದರೆ ಹಡಗಿಗೆ ತುಂಬಿಸಿದ ಫ್ಯೂಯಲ್ಲಿನಲ್ಲಿ, ಈ ಕಣಗಳ ಅಲ್ಯೂಮಿನಿಯಂ ಸಿಲಿಕಾನ್ 60 ಪಿಪಿಎಂ ಮಿತಿಯೊಳಗಿದ್ದರೂ ಫ್ಯೂಯಲ್ ಶುದ್ಧ ಮಾಡುವ ಪ್ಯೂರಿಫೈಯರನ್ನು 98 ಡಿಗ್ರಿಯಲ್ಲಿ, ಕಡಿಮೆ ಹರಿವಿನಲ್ಲಿ ಓಡಿಸದಿದ್ದರೆ ಪಂಪಿಗೆ ಮರಳೇ ಹೋದಂತೆ. ಆ ಬಾಟಲಿ ಲೆಕ್ಕ ಈಗ ಪ್ರತಿ ಎಂಜಿನ್ನಿಗೂ ಮಾಡುತ್ತೇನೆ.

ನಾಲ್ಕಕ್ಕೆ ಸ್ಪಿಲ್ ಟೈಮಿಂಗ್, ಅಂದರೆ ಪ್ಲಂಜರ್ ಬ್ಯಾರೆಲ್ಲಿನ ಪೋರ್ಟ್ (ಫ್ಯೂಯಲ್ ಒಳಬರುವ ರಂಧ್ರ) ಮುಚ್ಚುವ ಕ್ಷಣ ಹಿಡಿಯುವ ಪರೀಕ್ಷೆ. ಎಂಜಿನ್ ನಿಲ್ಲಿಸಿ, ಸ್ಟಾರ್ಟಿಂಗ್ ಏರ್ ಮುಚ್ಚಿ, ಇಂಡಿಕೇಟರ್ ಕಾಕ್‌ಗಳನ್ನೆಲ್ಲ ತೆರೆದು, ಪಂಪಿನ ತಲೆಯ ಡೆಲಿವರಿ ವಾಲ್ವ್ ಕಳಚಿ ಬಾಗಿದ ಸಣ್ಣ ಪೈಪ್ ಕಟ್ಟಿದೆ. ಗ್ಯಾಸ್ ಆಯಿಲ್ ಕಡಿಮೆ ಒತ್ತಡದಲ್ಲಿ ಬಿಟ್ಟು, ಕಂಪ್ರೆಷನ್ ಸ್ಟ್ರೋಕಿನಲ್ಲಿ ಟಿಡಿಸಿಗೆ (ಪಿಸ್ಟನ್ ಪೂರ್ತಿ ಮೇಲಿರುವ ಜಾಗ) 40 ಡಿಗ್ರಿ ಮೊದಲಿನಿಂದ, ಎಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸುತ್ತಾ ಬರಬೇಕು. ಹಿಂದೆ ಮುಂದೆ ಮಾಡಿದರೆ ಗೇರಿನ ಸಡಿಲ ಅಂಕಿಯೊಳಗೆ ಸೇರಿಕೊಳ್ಳುತ್ತದೆ. ರ‍್ಯಾಕ್ ಮಧ್ಯದಲ್ಲಿರಲಿ, ಶೂನ್ಯದಲ್ಲಿದ್ದರೆ ಧಾರೆ ನಿಲ್ಲುವುದೇ ಇಲ್ಲ. ಧಾರೆ ಹನಿಯಾಗಿ, ಹನಿ ನಿಂತ ಜಾಗವನ್ನು ಫ್ಲೈವೀಲ್ ಮೇಲೆ ಓದುವುದು. ಆ ಕ್ಷಣ ಕಣ್ಣಿಗೆ ಮೋಸವಾಗದಂತೆ ನನ್ನದೊಂದು ಉಪಾಯವಿದೆ, ಅದು ನನ್ನಲ್ಲೇ ಇರಲಿ. ನಾಲ್ಕು ಸುಮಾರು 3 ಡಿಗ್ರಿ ತಡ. ಹೋಲಿಕೆಗೆ ನೋಡಿದ ಎರಡನೆಯದು ಮ್ಯಾನುಯಲ್ ಹೇಳಿದ ಜಾಗದಲ್ಲೇ ಇತ್ತು.

ಕಾರಣ ಪಂಪಿನ ಬುಡದಲ್ಲಿ ಸಿಕ್ಕಿತು. ಸ್ಪೇರ್ ಪಂಪ್ ತನ್ನ ಜೊತೆ ಬಂದ ಶಿಮ್ (ಎತ್ತರ ಹೊಂದಿಸುವ ತೆಳು ತಗಡು) ಕಟ್ಟಿನ ಮೇಲೆಯೇ ಕೂತಿತ್ತು. ಶಿಮ್ ಸೇರುವುದು ಪಂಪ್ ಕೂರುವ ಸೀಟಿಗೆ, ಪಂಪಿಗಲ್ಲ. ಕಟ್ಟು ದಪ್ಪವಾದರೆ ಬ್ಯಾರೆಲ್ ಮೇಲೇರುತ್ತದೆ, ಪ್ಲಂಜರ್ ಪೋರ್ಟ್ ಮುಚ್ಚಲು ಹೆಚ್ಚು ಎತ್ತರ ಹತ್ತಬೇಕು. ಫ್ಯೂಯಲ್ ಅಷ್ಟೇ ಹೋಗುತ್ತದೆ, ತಡವಾಗಿ ಹೋಗುತ್ತದೆ, ಪಿಸ್ಟನ್ ಇಳಿಯುವಾಗ ಉರಿಯುತ್ತದೆ. ರೋಲರ್ ಬುಷ್ ಸವೆದದ್ದೂ ಸ್ವಲ್ಪ ಪಾಲು ಕೊಟ್ಟಿತ್ತು.

ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಶಿಮ್ ತೆಗೆದೆ. ಒಂದೇ ಏಟಿಗಲ್ಲ, ತೆಗೆದಂತೆಲ್ಲ ಪ್ಲಂಜರ್ ಪೂರ್ತಿ ಮೇಲಿದ್ದಾಗ ತಲೆಯ ಮೇಲಿನ ಕ್ಲಿಯರೆನ್ಸ್ ಅಳೆಯಬೇಕು. ಅದು ತಪ್ಪಿದರೆ ಪ್ಲಂಜರ್ ಡೆಲಿವರಿ ವಾಲ್ವ್ ಸೀಟಿಗೆ ಗುದ್ದಿ ಪಂಪೇ ಒಡೆಯುತ್ತದೆ. ಸ್ಟಾಪ್ ಲಿವರ್ ಎಳೆದಾಗ ರ‍್ಯಾಕ್ ಶೂನ್ಯಕ್ಕೆ ಸಲೀಸಾಗಿ ಬರುತ್ತದೆಯೇ ಎಂದೂ ನೋಡಿ, ಇಲ್ಲದಿದ್ದರೆ ಎಂಜಿನ್ ನಿಲ್ಲಿಸುವುದೇ ಕಷ್ಟ. ಅದೇ ಲೋಡಿನಲ್ಲಿ ಓಡಿಸಿದಾಗ ಪೀಕ್ 123–124, ಎಕ್ಸಾಸ್ಟ್ ಉಳಿದವಕ್ಕಿಂತ ಹತ್ತು ಡಿಗ್ರಿ ಹೆಚ್ಚು, ಹೊಗೆ ಇಲ್ಲ.

ಖರ್ಚಿನ ಲೆಕ್ಕ ಕೇಳಿದವರಿಗೆ: ಸುಮ್ಮನೆ ಹೋದ ಎರಡು ಸೆಟ್ ನಾಝಲ್, ಜೊತೆಗೆ ಒಂದು ಪಂಪ್ ಓವರ್‌ಹಾಲ್. ಕೊಟೇಶನ್ನಿನಲ್ಲಿ ಒಂದು ಪ್ಲಂಜರ್ ಬ್ಯಾರೆಲ್ ಜೋಡಿಯ ಬೆಲೆ ಸುಮಾರು ಮೂರು ನಾಝಲ್‌ಗಳಷ್ಟಿತ್ತು. ನಾನು ಬಳಸಿದ್ದು ಒಂದು ತಾಮ್ರದ ವಾಷರ್, ಎರಡು ಓ ರಿಂಗ್. ಅಷ್ಟು ಬಿಸಿಯಲ್ಲಿ ಇನ್ನೂ ಓಡಿದ್ದರೆ ಎಕ್ಸಾಸ್ಟ್ ವಾಲ್ವ್ ಸುಟ್ಟು ಟರ್ಬೋಚಾರ್ಜರಿಗೆ ಮಸಿ ಕಟ್ಟುತ್ತಿತ್ತು, ಆ ಬಿಲ್ಲೇ ಬೇರೆ.

ಈಗ ಪ್ರತಿ ಸೀಟಿನ ಪಕ್ಕ ಶಿಮ್ ದಪ್ಪವನ್ನು ಪಂಚ್ ಹೊಡೆದು ಬರೆದಿದ್ದೇನೆ. ಆರನೇ ಪಂಪಿನ ಪ್ಲಂಜರ್ ಬ್ಯಾರೆಲ್ ಜೋಡಿಗೆ ಆರ್ಡರ್ ಹೋಗಿದೆ. ಅದು ಬರುವವರೆಗೆ ಈ ಎಂಜಿನ್ ಗ್ಯಾಸ್ ಆಯಿಲ್ ಮೇಲೆ ಬಿಸಿಯಾಗಿದ್ದಾಗ ನಿಲ್ಲಿಸಬೇಡಿ, ಮತ್ತೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ.