ಸಂಗಾತಿ, ಮಕ್ಕಳನ್ನು ಕಳೆದುಕೊಂಡ ಮೇಲೆ ಮತ್ತೊಬ್ಬರ ಜೊತೆಯಾಗುವುದು ಹೇಗೆ

ಸಂಗಾತಿಯ ಜೊತೆಗೆ ಮಕ್ಕಳೂ ಹೋದಾಗ ಹೊರಗಿನವರ ಗಮನಕ್ಕೆ ಬಾರದ ಇನ್ನೊಂದು ನಷ್ಟ ಆಗಿರುತ್ತದೆ. ಮಗು ಮೊದಲು ಆಡಿದ ಮಾತು ಯಾವುದು, ಜ್ವರ ಬಂದ ರಾತ್ರಿ ಯಾರ ಹೆಗಲ ಮೇಲೆ ನಿದ್ದೆ ಮಾಡಿತು ಎಂದು ನಿಮ್ಮಷ್ಟೇ ಚೆನ್ನಾಗಿ ಬಲ್ಲ ಇನ್ನೊಬ್ಬರು ಈಗ ಇಲ್ಲ. ಮಗುವನ್ನು ಕಳೆದುಕೊಂಡ ಅಪ್ಪ ಅಮ್ಮ ಸಾಮಾನ್ಯವಾಗಿ ಒಬ್ಬರ ನೆನಪಿಗೆ ಇನ್ನೊಬ್ಬರು ಸಾಕ್ಷಿಯಾಗಿರುತ್ತಾರೆ. ಆ ಸಾಕ್ಷಿಯೂ ಹೋದಾಗ, ಮುಂದೆ ಬದುಕಿಗೆ ಬಂದವರಲ್ಲೇ ಅದನ್ನು ಹುಡುಕಲು ಶುರುಮಾಡುತ್ತೇವೆ. ಅವರು ಆ ಮಕ್ಕಳನ್ನು ಕಂಡೇ ಇರುವುದಿಲ್ಲ. ‘ಇವರಿಗೆ ನನ್ನ ಸಂಕಟ ತಿಳಿಯುವುದೇ ಇಲ್ಲ’ ಎನ್ನುವ ಮುನಿಸು ಅಲ್ಲಿ ಹುಟ್ಟುತ್ತದೆ, ಒಳ್ಳೆಯ ಸಂಬಂಧಗಳೂ ಅದರಲ್ಲೇ ಮುರಿಯುತ್ತವೆ.

ಹಾಗಾಗಿ ಹೊಸಬರನ್ನು ಹುಡುಕುವ ಮೊದಲು ಹಳಬರನ್ನು ಹುಡುಕಿಕೊಳ್ಳಿ.

ನೆನಪುಗಳಿಗೆ ಒಂದು ನೆಲೆ ಮಾಡಿ

ನಿಮ್ಮ ಮಕ್ಕಳನ್ನು ಹತ್ತಿರದಿಂದ ಕಂಡಿದ್ದ ಮೂರು ನಾಲ್ಕು ಜನರ ಹೆಸರು ಬರೆದುಕೊಳ್ಳಿ. ಅಜ್ಜಿ, ಚಿಕ್ಕಪ್ಪ, ಕ್ಲಾಸ್ ಟೀಚರ್, ಮಗುವಿನ ಗೆಳೆಯನ ತಾಯಿ, ಯಾರಾದರೂ ಸರಿ. ತಿಂಗಳಿಗೊಮ್ಮೆಯಾದರೂ ಇವರಲ್ಲೊಬ್ಬರ ಜೊತೆ ಕೂತು ಮಕ್ಕಳ ವಿಷಯವನ್ನೇ ಮಾತಾಡಿ. ಬಹಳ ಜನ ನಿಮ್ಮೆದುರು ಆ ಹೆಸರು ಎತ್ತಲು ಹೆದರುತ್ತಿರುತ್ತಾರೆ, ಆದ್ದರಿಂದ ಮೊದಲು ನೀವೇ ಎತ್ತಬೇಕಾಗುತ್ತದೆ. ಅವರು ಹೇಳಿದ್ದನ್ನು ಬರೆದಿಡಿ. ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಫೋಟೊ, ದನಿ ಉಳಿಸಿಕೊಳ್ಳುವ ಕೆಲಸವನ್ನು ಮುಂದೆ ಹಾಕಬೇಡಿ. ಬಳಕೆಯಲ್ಲಿಲ್ಲದ ವಾಟ್ಸ್ಆ್ಯಪ್ ಖಾತೆ ಸಾಮಾನ್ಯವಾಗಿ 120 ದಿನಗಳಾದ ಮೇಲೆ ಅಳಿಸಿಹೋಗುತ್ತದೆ. ಎರಡು ವರ್ಷ ಯಾರೂ ತೆರೆಯದ ವೈಯಕ್ತಿಕ ಗೂಗಲ್ ಖಾತೆಯನ್ನು ಮೇಲ್, ಫೋಟೊ ಸಮೇತ ಅಳಿಸಬಹುದೆಂಬ ನಿಯಮ 2023ರಿಂದ ಇದೆ. ರೀಚಾರ್ಜ್ ಮಾಡದೆ ಬಿಟ್ಟ ನಂಬರ್ ಕೊನೆಗೆ ಬೇರೆ ಯಾರದೋ ಪಾಲಾಗುತ್ತದೆ, ಆ ನಂಬರಿಗೆ ಬರುವ ಒಟಿಪಿ ಸಿಗದೆ ಉಳಿದ ಖಾತೆಗಳೂ ತೆರೆಯುವುದಿಲ್ಲ. ನಂಬರನ್ನು ಚಾಲ್ತಿಯಲ್ಲಿಟ್ಟುಕೊಂಡು ಎಲ್ಲವನ್ನೂ ಎರಡು ಪ್ರತಿ ಮಾಡಿ, ಒಂದನ್ನು ನಿಮ್ಮ ಹಾರ್ಡ್ ಡಿಸ್ಕ್‌ನಲ್ಲಿಡಿ, ಇನ್ನೊಂದನ್ನು ನಂಬಿಕಸ್ಥರ ಮನೆಯಲ್ಲಿಡಿ. ನಿಮ್ಮ ಕೈಲಿ ಈಗ ಆ ದನಿ ಕೇಳಲಾಗದಿದ್ದರೆ ಪ್ರತಿ ಮಾಡುವ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ.

ಬಟ್ಟೆಬರೆ, ಆಟಿಕೆಗಳಿಗೆ ಮೂರು ಪೆಟ್ಟಿಗೆ ಬೇಕು: ಇಟ್ಟುಕೊಳ್ಳುವುದು, ಕೊಡುವುದು, ಇನ್ನೂ ತೀರ್ಮಾನಿಸಲಾಗದ್ದು. ಮೂರನೆಯದೇ ದೊಡ್ಡದಾಗುತ್ತದೆ, ಆಗಲಿ. ಅದಕ್ಕೆ ಟೇಪ್ ಅಂಟಿಸಿ, ಮೇಲೆ ತಾರೀಕು ಬರೆದು, ಆರು ತಿಂಗಳು ಬಿಟ್ಟು ತೆರೆಯಿರಿ. ಮಗುವಿನ ಮೈವಾಸನೆ ಉಳಿದಿರುವ ಒಂದು ಅಂಗಿಯನ್ನು ಒಗೆಯದೆ, ಗಾಳಿಯಾಡದ ಜಿಪ್ ಚೀಲದಲ್ಲಿ ಹಾಕಿಡಿ. ಪದೇ ಪದೇ ತೆರೆದರೆ ವಾಸನೆ ಬೇಗ ಹೋಗುತ್ತದೆ. ಈ ಕೆಲಸವನ್ನು ಹೊಸಬರು ಬರುತ್ತಾರೆಂಬ ಅವಸರದಲ್ಲಿ ಮಾಡಬಾರದು, ಅವರ ಕೈಲಿ ಮಾಡಿಸಲೂ ಬಾರದು. ಅವರು ಯಾರಿಗೋ ಕೊಟ್ಟುಬಿಟ್ಟ ಒಂದು ಜೊತೆ ಶೂವಿನ ನೆನಪು ಹತ್ತು ವರ್ಷ ಜಗಳವಾಗಿ ಉಳಿಯಬಲ್ಲದು.

ಸಮಯ ಬಂದಿದೆಯೆ ಎಂದು ನೋಡುವುದು

ವರ್ಷದ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು. ‘ದುಃಖದ ಐದು ಹಂತ (ನಿರಾಕರಣೆ, ಸಿಟ್ಟು, ಚೌಕಾಶಿ, ಖಿನ್ನತೆ, ಒಪ್ಪಿಕೊಳ್ಳುವುದು) ಮುಗಿಯಲಿ’ ಎಂದು ಕಾಯುವುದೂ ಬೇಡ. ಮನೋವೈದ್ಯೆ ಎಲಿಸಬೆತ್ ಕೂಬ್ಲರ್ ರಾಸ್ 1969ರಲ್ಲಿ ಆ ಹಂತಗಳನ್ನು ಹೇಳಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಜೊತೆ ಮಾತಾಡಿ; ಬದುಕಿ ಉಳಿದವರ ದುಃಖ ಆ ಮೆಟ್ಟಿಲುಗಳನ್ನು ಸಾಲಾಗಿ ಏರುವುದಿಲ್ಲ. ಹೆಚ್ಚು ನಿಜಕ್ಕೆ ಹತ್ತಿರವಾದದ್ದು ಮನಶ್ಶಾಸ್ತ್ರಜ್ಞರಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಮುಂದಿಟ್ಟ ವಿವರಣೆ. ದುಃಖದಲ್ಲಿರುವವರು ನಷ್ಟದ ಕಡೆಗೊಮ್ಮೆ, ಮುಂದಿನ ಬದುಕಿನ ಕಡೆಗೊಮ್ಮೆ ಓಲಾಡುತ್ತಲೇ ಇರುತ್ತಾರೆ ಎನ್ನುತ್ತಾರೆ ಅವರು. ಬೆಳಿಗ್ಗೆ ಸಮಾಧಿಯ ಬಳಿ ಅತ್ತು ಸಂಜೆ ಯಾರ ಜೊತೆಗೋ ನಕ್ಕರೆ ನಿಮ್ಮಲ್ಲಿ ಕಪಟವಿಲ್ಲ. ಆ ಓಲಾಟ ನಿಂತು, ಒಂದೇ ಕಡೆ ಸಿಕ್ಕಿಹಾಕಿಕೊಂಡಾಗ ಎಚ್ಚರವಾಗಬೇಕು.

ನೀವೇ ಪರೀಕ್ಷಿಸಿಕೊಳ್ಳಲು ಕೆಲವು ದಾರಿಗಳಿವೆ. ತೀರಿಕೊಂಡವರ ಹೆಸರು ಹೇಳಿ ಎರಡು ನಿಮಿಷ ಮಾತಾಡಿ, ಆಮೇಲೆ ಬೇರೆ ವಿಷಯಕ್ಕೆ ಬರಲು ಆಗುತ್ತದೆಯೆ? ಕಣ್ಣು ತುಂಬಿದರೆ ಅಡ್ಡಿಯಿಲ್ಲ. ಎರಡು ದಿನದ ರಜೆಯನ್ನು ಒಬ್ಬರೇ ಕಳೆಯಬಲ್ಲಿರಾ? ಯಾರಾದರೂ ‘ಬೇಡ’ ಎಂದರೆ ಒಂದೆರಡು ವಾರದಲ್ಲಿ ಚೇತರಿಸಿಕೊಳ್ಳುವ ಶಕ್ತಿಯಿದೆಯೆ? ಕುಡಿತವಾಗಲಿ ನಿದ್ದೆ ಮಾತ್ರೆಯಾಗಲಿ ಹೆಚ್ಚುತ್ತಿದೆಯೆ?

ಒಂಟಿತನ ತಾಳಲಾರದೆ ಜೊತೆ ಬಯಸುವುದು ತಪ್ಪೇನಲ್ಲ. ಆದರೆ ಆ ಒಂಟಿತನಕ್ಕೆ ಗಂಟೆ ಇರುತ್ತದೆ. ಬಹಳಷ್ಟು ಜನರಿಗೆ ಅದು ಸಂಜೆ, ಮಕ್ಕಳು ಮನೆಗೆ ಬರುತ್ತಿದ್ದ ಹೊತ್ತು. ಒಂದು ವಾರ ಬರೆದಿಟ್ಟು ನೋಡಿ, ನಿಮ್ಮ ಗಂಟೆ ಗೊತ್ತಾಗುತ್ತದೆ. ಮೊದಲು ಆ ಹೊತ್ತನ್ನು ನಡಿಗೆ, ಪಾಠ, ಸ್ನೇಹಿತರು ಹೀಗೆ ಏನಾದರೊಂದರಿಂದ ತುಂಬಿಸಿ. ಅದಾದ ಮೇಲೂ ಯಾರಾದರೂ ಬೇಕೆನಿಸಿದರೆ, ಬೇಕಾಗಿರುವುದು ಮನುಷ್ಯರೇ.

ಆಪ್ತ ಸಲಹೆಗಾರರನ್ನೋ ಮನೋವೈದ್ಯರನ್ನೋ ಕಾಣಲೇಬೇಕಾದ ಸಂದರ್ಭಗಳಿವೆ: ಸಾಯಬೇಕೆನಿಸುತ್ತಿದ್ದರೆ (ಅಂದೇ ಹೋಗಿ), ‘ನಾನು ಯಾಕೆ ಉಳಿದೆ’ ಎಂಬುದೊಂದೇ ದಿನವಿಡೀ ಕೊರೆಯುತ್ತಿದ್ದರೆ, ಅಪಘಾತದ ದೃಶ್ಯ ಕಣ್ಣೆದುರು ಮತ್ತೆ ನಡೆದಂತಾಗುತ್ತಿದ್ದರೆ. ತೀವ್ರ ಹಂಬಲ ಕಡಿಮೆಯಾಗದೆ ದಿನದ ಬದುಕೇ ನಿಂತುಹೋಗುವ ಸ್ಥಿತಿಗೆ ವೈದ್ಯಕೀಯದಲ್ಲಿ ಈಗ ಪ್ರತ್ಯೇಕ ಹೆಸರಿದೆ, ದೀರ್ಘಕಾಲದ ದುಃಖ ಅಸ್ವಸ್ಥತೆ ಎಂದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಾದ ಐಸಿಡಿ-11 ಇದಕ್ಕೆ ಕನಿಷ್ಠ ಆರು ತಿಂಗಳ ಅವಧಿ ಹೇಳಿದರೆ, ಅಮೆರಿಕದ ಮನೋವೈದ್ಯರ 2022ರ ಕೈಪಿಡಿ ವಯಸ್ಕರಿಗೆ ಹನ್ನೆರಡು ತಿಂಗಳು ಹೇಳುತ್ತದೆ. ಇದಕ್ಕೆಂದೇ ಮನೋವೈದ್ಯೆ ಕ್ಯಾಥರಿನ್ ಶಿಯರ್ ರೂಪಿಸಿದ ಚಿಕಿತ್ಸೆ ಸುಮಾರು 16 ಭೇಟಿಗಳದ್ದು. ಕಣ್ಣೆದುರು ಮರಳುವ ದೃಶ್ಯಗಳಿಗೆ ಬೇರೆ ಚಿಕಿತ್ಸೆಗಳಿವೆ, ಅವನ್ನು ಮೊದಲು ಮಾಡಿಸಿಕೊಳ್ಳಿ. ಪ್ರೀತಿ ಆ ಗಾಯಕ್ಕೆ ಮದ್ದಾಗುತ್ತದೆಂದು ಕಾದವರು ಸಂಗಾತಿಯ ಮೇಲೆ ಹೊರಲಾಗದ ಭಾರ ಹಾಕುತ್ತಾರೆ.

‘ಮಕ್ಕಳೆಷ್ಟು?’

ಹೊಸ ಪರಿಚಯದ ಮೊದಲ ಹತ್ತು ನಿಮಿಷದಲ್ಲೇ ಬರುವ ಪ್ರಶ್ನೆ ಇದು. ಸಿದ್ಧರಿಲ್ಲದವರು ‘ಇಲ್ಲ’ ಎಂದುಬಿಡುತ್ತಾರೆ, ಮನೆಗೆ ಬಂದು ಮಕ್ಕಳನ್ನೇ ಅಲ್ಲಗಳೆದೆನಲ್ಲ ಎಂದು ರಾತ್ರಿಯಿಡೀ ಬೇಯುತ್ತಾರೆ. ಇಲ್ಲವೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಮಾರನೇ ದಿನ ನಾಚಿಕೆಯಾಗಿ ಫೋನನ್ನೇ ಎತ್ತುವುದಿಲ್ಲ. ಮೂರು ಅಳತೆಯ ಉತ್ತರ ಮೊದಲೇ ಮಾಡಿಟ್ಟುಕೊಂಡು, ಬಾಯಿಬಿಟ್ಟು ಹೇಳಿ ಅಭ್ಯಾಸ ಮಾಡಿಕೊಳ್ಳಿ.

ಮತ್ತೆ ಕಾಣದ ಅಪರಿಚಿತರಿಗೆ: ‘ನಾನೀಗ ಒಬ್ಬಳೇ ಇದ್ದೀನಿ, ನಿಮ್ಮ ಮನೇಲಿ ಯಾರ್‍ಯಾರಿದ್ದಾರೆ?’ ಇಷ್ಟು ಸಾಕು. ಇದರಿಂದ ಯಾರಿಗೂ ದ್ರೋಹವಾಗುವುದಿಲ್ಲ.

ಮೊದಲ ಭೇಟಿಯಲ್ಲಿರುವವರಿಗೆ: ‘ಇಬ್ಬರು ಮಕ್ಕಳಿದ್ದರು, ಈಗಿಲ್ಲ. ಗಂಡನೂ ಇಲ್ಲ. ಇವತ್ತೇ ಎಲ್ಲ ಹೇಳಕ್ಕಾಗಲ್ಲ, ಆದರೆ ಮುಚ್ಚಿಡಬಾರದು ಅಂತ ಹೇಳ್ದೆ.’

ಪರಿಚಯ ಮುಂದುವರಿಯುತ್ತಿರುವವರಿಗೆ: ‘ಮೂವರೂ ಒಂದೇ ದಿನ ಹೋದರು. ಅವರ ಬಗ್ಗೆ ಮಾತಾಡೋದು ನನಗಿಷ್ಟ, ನೀವು ಹೆಸರು ಹಿಡಿದು ಕೇಳಬಹುದು. ಹೇಗಾಯ್ತು ಅನ್ನೋದನ್ನ ಮಾತ್ರ ನಾನಾಗೇ ಹೇಳೋವರೆಗೆ ಕೇಳಬೇಡಿ. ಏನು ಹೇಳಬೇಕು ಅಂತ ನಿಮಗೆ ತೋಚದಿದ್ದರೂ ಪರವಾಗಿಲ್ಲ.’

ಕೊನೆಯ ವಾಕ್ಯ ಬಹಳ ಮುಖ್ಯ. ಕೇಳಿದವರು ಓಡಿಹೋಗುವುದು ಕಲ್ಲುಮನಸ್ಸಿನಿಂದ ಅಲ್ಲವೇ ಅಲ್ಲ, ತಪ್ಪು ಮಾತಾಡಿಬಿಟ್ಟೇನು ಎಂಬ ಹೆದರಿಕೆಯಿಂದ. ನಷ್ಟವಾಗಿದೆ ಎಂಬ ಸಂಗತಿಯನ್ನು ಮೊದಲ ಅಥವಾ ಎರಡನೇ ಭೇಟಿಯಲ್ಲಿ ಹೇಳಿ. ಸಾವಿನ ವಿವರಗಳನ್ನು ಮುಂದಿನ ಹಲವು ಭೇಟಿಗಳಿಗೆ ಹಂಚಿ. ಮೊದಲ ಭೇಟಿ ಹಗಲಿನಲ್ಲಿರಲಿ, ನಾಲ್ಕು ಜನ ಓಡಾಡುವ ಕಡೆ ಇರಲಿ, ಒಂದು ಗಂಟೆಯಿಂದ ಒಂದೂವರೆ ಗಂಟೆಗೆ ಮುಗಿಯಲಿ. ವಾಪಸ್ ಬಂದ ಮೇಲೆ ಮಾತಾಡಲು ಒಬ್ಬ ಸ್ನೇಹಿತರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಸಂತೋಷವಾಗಿದ್ದರೆ ಆ ರಾತ್ರಿಯ ಅಪರಾಧ ಭಾವ ಇನ್ನೂ ಜೋರಾಗಿರುತ್ತದೆ.

ಇನ್ನು ಎಲ್ಲಿ ಹುಡುಕುವುದು ಎಂಬುದು. ಪರಿಚಯಸ್ಥರಿಗೆ ‘ಯಾರಾದರೂ ಇದ್ದರೆ ಹೇಳಿ’ ಎಂದು ಸ್ಪಷ್ಟವಾಗಿ ಹೇಳಿಬಿಡಿ, ನೀವು ಬಾಯಿಬಿಡದೆ ಯಾರೂ ಆ ಮಾತು ತೆಗೆಯುವ ಧೈರ್ಯ ಮಾಡುವುದಿಲ್ಲ. ದುಃಖಿತರ ಸ್ನೇಹಕೂಟಗಳು ಒಳ್ಳೆಯವು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಗಳಿಗೆಂದು 1969ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಕಂಪ್ಯಾಶನೇಟ್ ಫ್ರೆಂಡ್ಸ್ ಈಗ ಹಲವು ದೇಶಗಳಲ್ಲಿದೆ. ಆದರೆ ಅಲ್ಲಿಗೆ ಸಂಗಾತಿಯನ್ನು ಹುಡುಕಲೆಂದೇ ಹೋಗಬೇಡಿ. ಸಂಬಂಧ ಕೆಟ್ಟರೆ ಆಸರೆಯ ಕೂಟವೂ ಕೈತಪ್ಪುತ್ತದೆ.

ಆನ್‌ಲೈನ್‌ನಲ್ಲಿ ಒಂದು ಅಪಾಯವನ್ನು ಗಟ್ಟಿಯಾಗಿ ಹೇಳಲೇಬೇಕು. ವಂಚಕರು ಸಂಗಾತಿಯನ್ನು ಕಳೆದುಕೊಂಡವರನ್ನು ಹುಡುಕಿಕೊಂಡು ಬರುತ್ತಾರೆ. ತಾವೂ ಹೆಂಡತಿ ಮಗುವನ್ನು ಕಳೆದುಕೊಂಡವರು, ದೂರದ ದೇಶದಲ್ಲಿ ಎಂಜಿನಿಯರ್, ಸೈನಿಕ, ವೈದ್ಯ ಎನ್ನುತ್ತಾರೆ. ಎರಡೇ ದಿನದಲ್ಲಿ ಆ್ಯಪ್ ಬಿಟ್ಟು ಖಾಸಗಿ ನಂಬರಿಗೆ ಬರಲು ಹೇಳುತ್ತಾರೆ, ವಿಡಿಯೊ ಕರೆ ತಪ್ಪಿಸುತ್ತಾರೆ, ವಾರಗಳಲ್ಲೇ ಪ್ರೀತಿ ಎನ್ನುತ್ತಾರೆ, ಆಮೇಲೆ ಆಸ್ಪತ್ರೆ ಖರ್ಚೋ ಕಸ್ಟಮ್ಸ್ ಸುಂಕವೋ ಹೂಡಿಕೆಯೋ ಬರುತ್ತದೆ. ಅವರ ಫೋಟೊವನ್ನು ಇಮೇಜ್ ಸರ್ಚ್‌ಗೆ ಹಾಕಿ ನೋಡಿ. ಮುಖತಃ ಕಾಣದವರಿಗೆ ಹಣ, ಗುರುತಿನ ಚೀಟಿ, ಒಟಿಪಿ ಏನನ್ನೂ ಕೊಡಬೇಡಿ. ಪ್ರೊಫೈಲಿನಲ್ಲಿ ‘ಸಂಗಾತಿ ತೀರಿಕೊಂಡಿದ್ದಾರೆ’ ಎಂದಷ್ಟೇ ಇರಲಿ, ಮಕ್ಕಳ ಹೆಸರು, ಫೋಟೊ, ಅಪಘಾತದ ತಾರೀಕು ಬೇಡ. ವಿಮೆ, ಪರಿಹಾರದ ಹಣ ಬಂದಿರುವುದು ಯಾರಿಗೂ ತಿಳಿಯಬಾರದು.

ಜೊತೆಯಾದ ಮೇಲೆ

ದೇಹದ ಸಾಮೀಪ್ಯ ಬಂದಾಗ ಅಳು ಬರುವುದು, ಹಳೆಯ ಹೆಸರು ಬಾಯಿಗೆ ಬರುವುದು, ಮೈ ಮರಗಟ್ಟಿದಂತಾಗುವುದು ಎಲ್ಲವೂ ಆಗುತ್ತವೆ. ‘ಹೀಗಾಗಬಹುದು, ಹಾಗಾದಾಗ ನಿಲ್ಲಿಸೋಣ, ನೀವು ಕಾರಣ ಅಂದುಕೊಳ್ಳಬೇಡಿ’ ಎಂದು ಮುಂಚೆಯೇ ಹೇಳಿ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಬಯಕೆ ಕುಗ್ಗುತ್ತದೆ. ವೈದ್ಯರಲ್ಲಿ ಕೇಳಿದರೆ ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸುತ್ತಾರೆ, ನೀವಾಗಿಯೇ ನಿಲ್ಲಿಸಬಾರದು.

ವರ್ಷದ ಕಷ್ಟದ ದಿನಗಳ ಪಟ್ಟಿ ಮಾಡಿ ಸಂಗಾತಿಗೆ ಕೊಡಿ: ಹುಟ್ಟುಹಬ್ಬಗಳು, ತೀರಿಕೊಂಡ ದಿನ, ಮದುವೆಯ ದಿನ, ಶಾಲೆ ತೆರೆಯುವ ದಿನ. ಪ್ರತಿ ದಿನದ ಪಕ್ಕ ಏನು ಬೇಕೆಂದು ಬರೆಯಿರಿ, ಒಬ್ಬರೇ ಇರಬೇಕೆ, ಜೊತೆಗಿರಬೇಕೆ, ಎಲ್ಲಿಗಾದರೂ ಹೋಗಬೇಕೆ. ಎಷ್ಟೋ ಜನರಿಗೆ ಆ ದಿನಕ್ಕಿಂತ ಅದರ ಹಿಂದಿನ ವಾರವೇ ಕಷ್ಟ, ಆಗ ನಡೆಯುವ ಜಗಳಕ್ಕೆ ಕಾರಣ ಇಬ್ಬರಿಗೂ ಗೊತ್ತಾಗುವುದಿಲ್ಲ. ಮಗು ಬದುಕಿದ್ದಿದ್ದರೆ ಹದಿನೆಂಟು ತುಂಬುತ್ತಿದ್ದ ವರ್ಷ ಎಂಬಂಥವನ್ನೂ ಪಟ್ಟಿಯಲ್ಲಿ ಸೇರಿಸಿ.

ಹೊಸ ಸಂಗಾತಿಗೆ ಮಕ್ಕಳಿದ್ದು, ಅವರಲ್ಲೊಬ್ಬರು ನಿಮ್ಮ ಮಗುವಿನ ವಯಸ್ಸಿನವರೇ ಆಗಿದ್ದರೆ ನಿಧಾನವಾಗಿ ಹೋಗಿ. ಮೊದಲ ಕೆಲವು ಭೇಟಿಗಳು ಅರ್ಧ ಗಂಟೆಯವಾಗಿರಲಿ. ನಿಮ್ಮ ಮಗುವಿನ ಸೈಕಲ್, ಬಟ್ಟೆ ಕೊಡಬೇಡಿ. ಕೊಟ್ಟ ಸೈಕಲನ್ನು ಆ ಮಗು ಮಳೆಯಲ್ಲಿ ಬಿಟ್ಟರೆ ನಿಮಗೆ ಬರುವ ಸಿಟ್ಟು ಅದಕ್ಕೆ ಅರ್ಥವಾಗುವುದಿಲ್ಲ. ಇನ್ನೊಂದು ಮಗು ಬೇಕೆಂಬ ಆಸೆ ಇಬ್ಬರಿಗೂ ಇದ್ದರೆ ಒಳ್ಳೆಯದು, ಆದರೆ ತೀರಿಕೊಂಡವರ ಹೆಸರನ್ನೇ ಇಡಬೇಡಿ. ಹೋದ ಮಗುವಿನ ಜಾಗ ತುಂಬಲೆಂದು ಹುಟ್ಟಿದ ಮಕ್ಕಳು ಪಡುವ ಪಾಡನ್ನು ಮನೋವೈದ್ಯರು 1964ರಿಂದಲೇ ಬರೆದಿಟ್ಟಿದ್ದಾರೆ.

ತೀರಿಕೊಂಡ ಸಂಗಾತಿಯ ತಂದೆತಾಯಿಗೆ ಹೊಸ ಸಂಬಂಧದ ವಿಷಯವನ್ನು ನೀವೇ ಮೊದಲು ತಿಳಿಸಿ, ಫೋಟೊ ಎಲ್ಲೋ ನೋಡಿ ತಿಳಿಯುವಂತಾಗಬಾರದು. ಮೊಮ್ಮಕ್ಕಳನ್ನೂ ಕಳೆದುಕೊಂಡ ಅವರಿಗೆ ಉಳಿದಿರುವ ಕೊಂಡಿ ನೀವೊಬ್ಬರೇ. ‘ಹಬ್ಬಕ್ಕೆ ಬರ್ತೀನಿ, ಫೋನ್ ಮಾಡ್ತೀನಿ, ನಿಮ್ಮನ್ನ ಅಮ್ಮ ಅಂತಾನೇ ಕರೀತೀನಿ’ ಎಂದು ಬದಲಾಗದಿರುವುದನ್ನು ಹೆಸರಿಸಿ ಹೇಳಿ. ಮೊದಲ ಪ್ರತಿಕ್ರಿಯೆ ಕಹಿಯಾಗಿರಬಹುದು, ತಿಂಗಳು ಬಿಟ್ಟು ಮತ್ತೆ ಹೋಗಿ.

ಮದುವೆಗೆ ಮೊದಲು ವಕೀಲರ ಬಳಿ ಒಂದು ಗಂಟೆ ಕೂರಿ. ಮರುಮದುವೆಯಾದರೆ ಕುಟುಂಬ ಪಿಂಚಣಿ ನಿಲ್ಲುವ ನಿಯಮ ಹಲವು ಕಡೆ ಇದೆ. ಕೆಲವು ದೇಶಗಳಲ್ಲಿ ಮದುವೆಯಾದ ಕೂಡಲೇ ಹಿಂದಿನ ಉಯಿಲು ರದ್ದಾಗುತ್ತದೆ. ಬ್ಯಾಂಕು, ವಿಮೆಗಳಲ್ಲಿ ನಾಮಿನಿ ಇನ್ನೂ ತೀರಿಕೊಂಡವರ ಹೆಸರಲ್ಲೇ ಇರುವುದು ಸಾಮಾನ್ಯ. ಪರಿಹಾರದ ಹಣವನ್ನು ಬೇರೆ ಖಾತೆಯಲ್ಲೇ ಇಟ್ಟುಕೊಳ್ಳಿ.

ಹೊಸ ಸಂಗಾತಿ ಓದಬೇಕಾದ್ದು

ಮಕ್ಕಳ ಹೆಸರು ಕೇಳಿ, ಆ ಹೆಸರನ್ನೇ ಬಳಸಿ. ‘ನಿಮ್ಮ ಮಗ’ ಎನ್ನುವುದಕ್ಕಿಂತ ಹೆಸರು ಕೇಳಿದಾಗ ಅವರಿಗೆ ಹಿತವಾಗುತ್ತದೆ. ಗೋಡೆಯ ಮೇಲಿನ ಫೋಟೊ ಎಷ್ಟು, ಯಾವ ಕೋಣೆಯಲ್ಲಿ ಎಂದು ಇಬ್ಬರೂ ಕೂತು ಮಾತಾಡಿ. ಮಲಗುವ ಕೋಣೆಯಲ್ಲಿ ಬೇಡ ಎನ್ನುವ ಹಕ್ಕು ನಿಮಗಿದೆ, ಮನೆಯಲ್ಲೇ ಬೇಡ ಎನ್ನುವ ಹಕ್ಕಿಲ್ಲ. ಹೋದವರು ಹೇಗಿದ್ದರು ಎಂದು ತಿಳಿದುಕೊಳ್ಳಿ, ಅವರ ಹಾಗೆ ಆಗಲು ಹೋಗಬೇಡಿ. ಅತ್ತಾಗ ಸಮಾಧಾನದ ಮಾತು ಹುಡುಕುವ ಬದಲು ‘ಪಕ್ಕದಲ್ಲಿ ಕೂತಿರಲಾ, ಹೊರಗಿರಲಾ?’ ಎಂದು ಕೇಳಿ. ನಿಮಗೂ ಹೊಟ್ಟೆಕಿಚ್ಚು, ದಣಿವು ಬರುತ್ತವೆ. ಅದನ್ನು ಅವರ ಕಷ್ಟದ ದಿನಗಳಂದು ಎತ್ತಬೇಡಿ, ಬೇರೆ ದಿನ ನೋಡಿಕೊಂಡು ನೇರವಾಗಿ ಹೇಳಿ. ಒಂದು ವರ್ಷವಾದರೂ ನಿಮ್ಮನ್ನು ಯಾರಿಗೂ ಪರಿಚಯಿಸದಿದ್ದರೆ, ಪ್ರತಿ ಮಾತಿನಲ್ಲೂ ಹೋದವರ ಜೊತೆ ತೂಗಿ ನೋಡುತ್ತಿದ್ದರೆ, ಅವರಿನ್ನೂ ಸಿದ್ಧರಾಗಿಲ್ಲ ಎಂದು ತಿಳಿಯಿರಿ; ಇಬ್ಬರೂ ಸೇರಿ ಆಪ್ತ ಸಲಹೆಗಾರರನ್ನು ನೋಡಿ, ಆ ತನಕ ಮನೆ ಒಂದು ಮಾಡುವುದನ್ನು ತಡೆಹಿಡಿಯಿರಿ.