ಬ್ರಿಟನ್ ರೈಲಿನಲ್ಲಿ ಅಪ್ಪ-ಅಮ್ಮನಿಗೆ ಹಿರಿಯರ ರಿಯಾಯಿತಿ: ನನ್ನ ಅನುಭವ

ಬೆಂಗಳೂರಿನಿಂದ ಬರುವ ಅಪ್ಪ-ಅಮ್ಮನಿಗೆ ಲಂಡನ್–ಎಡಿನ್‌ಬರೋ ಟಿಕೆಟ್ ಬೇಕಿತ್ತು. ಇಬ್ಬರಿಗೂ 60 ದಾಟಿದೆ. ಆದರೂ ಪೂರ್ತಿ ದರವೇ ಬರುತ್ತಿತ್ತು.

ಒಂದು ಬುಕಿಂಗ್ ಆ್ಯಪ್‌ನಲ್ಲಿ ವಯಸ್ಸು ಹಾಕಿದೆ, ದರ ಇಳಿಯಲಿಲ್ಲ. ಸ್ಟೇಷನ್ ಕೌಂಟರ್‌ನಲ್ಲಿ ವಿಚಾರಿಸಿದೆ. ವಯಸ್ಸು ತೋರಿಸಿದರಷ್ಟೇ ಸಾಲದು ಅಂದರು.

ಬ್ರಿಟನ್ ರೈಲುಗಳಲ್ಲಿ ಹಿರಿಯರಿಗೆ ರಿಯಾಯಿತಿ ಸಿಗುವುದು ಸೀನಿಯರ್ ರೈಲ್‌ಕಾರ್ಡ್ ಅನ್ನುವ ರಿಯಾಯಿತಿ ಕಾರ್ಡ್‌ನಿಂದ. ವರ್ಷಕ್ಕೆ 35 ಪೌಂಡ್, ಟಿಕೆಟ್ ದರದಲ್ಲಿ ಮೂರನೇ ಒಂದು ಭಾಗ ಕಡಿತ. ಬ್ರಿಟನ್ನಿನಲ್ಲೇ ವಾಸವಿರಬೇಕು ಅಂತೇನಿಲ್ಲ. ವಯಸ್ಸಿನ ಪುರಾವೆಗೆ ಪಾಸ್‌ಪೋರ್ಟ್ ಸಾಕು. ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಬೇಕು, ಗಂಡ-ಹೆಂಡತಿಗೆ ಸೇರಿ ಒಂದು ನಡೆಯಲ್ಲ.

ಬುಕ್ ಮಾಡುವಾಗ ಮೊದಲು ವಯಸ್ಕರು 2 ಅಂತ ಹಾಕಿ. ಹುಡುಕುವ ಬಟನ್ ಒತ್ತುವ ಮುಂಚೆಯೇ ‘ಆ್ಯಡ್ ರೈಲ್‌ಕಾರ್ಡ್’ ತೆರೆದು ‘ಸೀನಿಯರ್’ ಆರಿಸಿ. ಪಕ್ಕದಲ್ಲಿ ಎಷ್ಟು ಕಾರ್ಡ್ ಅಂತ ಹಾಕುವ ಜಾಗ ಇರುತ್ತದೆ, ಅಲ್ಲೂ 2 ಮಾಡಿ. ಅದು 1 ಇದ್ದರೆ ಒಬ್ಬರಿಗೆ ಮಾತ್ರ ಕಡಿತ. ಮುಂಚಿತವಾಗಿ ಕಡಿಮೆ ದರಕ್ಕೆ ಸಿಗುವ ಅಡ್ವಾನ್ಸ್ ಟಿಕೆಟ್‌ಗೂ ಈ ಕಡಿತ ಸಿಗುತ್ತದೆ, ಹಾಗಾಗಿ ಬೇಗ ಬುಕ್ ಮಾಡಿದರೆ ಉಳಿತಾಯ ಜಾಸ್ತಿ.

ಕಾರ್ಡ್ ಕೈಗೆ ಬರುವ ಮುಂಚೆಯೂ ರಿಯಾಯಿತಿ ಟಿಕೆಟ್ ಕೊಳ್ಳಬಹುದು. ಪ್ರಯಾಣದ ದಿನ ಮಾತ್ರ ಕಾರ್ಡ್ ಜೊತೆಗೇ ಇರಬೇಕು. ಡಿಜಿಟಲ್ ಕಾರ್ಡ್ ಆದರೆ ಫೋನ್ ಚಾರ್ಜ್ ನೋಡಿಕೊಳ್ಳಿ, ತೋರಿಸಲಾಗದಿದ್ದರೆ ಮತ್ತೆ ದುಡ್ಡು ಕಟ್ಟಿಸುತ್ತಾರೆ. ಲಂಡನ್ ಮತ್ತು ಆಗ್ನೇಯ ಇಂಗ್ಲೆಂಡಿನ ಒಳಗಷ್ಟೇ ಓಡಾಡುವುದಾದರೆ, ಸೋಮವಾರದಿಂದ ಶುಕ್ರವಾರ ಬೆಳಗಿನ ದಟ್ಟಣೆಯ ಹೊತ್ತಿನಲ್ಲಿ ಈ ಕಾರ್ಡ್ ನಡೆಯುವುದಿಲ್ಲ.